ಸತ್ತವನ್ನು ಎಲ್ಲಿ ಚೆಲ್ಲಿದೆ?

ಹೊಳೆಯ ದಡದಲ್ಲಿ ಒಂದು ಹಳೆಯ ಛತ್ರ. ಛತ್ರದೊಳಗೆ ಒಂದು ಪ್ರಯೋಗಶಾಲೆ. ಊರಿನವರು ಅದನ್ನು ಆಶ್ರಮ ಎನ್ನುತ್ತಿದ್ದರು. ಆ ಮಾತಿನಲ್ಲಿ ಅರ್ಧ ಗೌರವ, ಅರ್ಧ ಗೇಲಿ.

ಗೇಲಿಗೂ ಕಾರಣವಿತ್ತು. ಅಲ್ಲಿನ ಶಿಷ್ಯರು ಬೆಳಗಾದರೆ ಕಸ ಗುಡಿಸುತ್ತಿದ್ದರು, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು, ಗುರುವಿನ ಬೈಗುಳವನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಪೂಜೆಗೆ ಮಾತ್ರ ದೇವರಿರಲಿಲ್ಲ. ಸೀಸೆಗಳಲ್ಲಿ ಜೀವಕೋಶಗಳಿದ್ದವು.

ಗುರುವಿನ ಹೆಸರು ಮುರಿಗೆಪ್ಪ ಮೇಷ್ಟ್ರು. ಹರೆಯದಲ್ಲಿ ಬೆಳೆಸಲು ತೊಡಗಿದ ಕೋಶಗಳನ್ನು ತಲೆ ನರೆತರೂ ಸಾಯಗೊಡದೆ ಸಾಕಿಕೊಂಡು ಬಂದವರು. ಕೋಶಗಳ ಮೇಲೆ ಅಷ್ಟು ಕರುಣೆಯಿದ್ದ ಮನುಷ್ಯನಿಗೆ ನಾಲಿಗೆಯ ಮೇಲೆ ಅದರ ಒಂದು ಹನಿಯೂ ಇರಲಿಲ್ಲ.

ಅಲ್ಲೊಂದು ಪದ್ಧತಿ ಇತ್ತು. ಶಿಷ್ಯರು ಏನಾದರೂ ಹೊಸ ನಿಜ ಕಂಡು, ಅದು ಪರೀಕ್ಷೆಗೆ ನಿಂತರೆ, ಮೇಷ್ಟ್ರು ತಮ್ಮ ಕೋಶಗಳ ಒಂದು ಸೀಸೆಯನ್ನು ಅವರ ಕೈಗಿಡುತ್ತಿದ್ದರು. ಅದಕ್ಕೆ ಹೆಪ್ಪು ಎಂದು ಹೆಸರು. ಪಕ್ಕದ ಮನೆಯ ಹೆಪ್ಪು ತಂದು ನಮ್ಮ ಮನೆಯಲ್ಲಿ ಮೊಸರು ಮಾಡಿಕೊಳ್ಳುವುದಿಲ್ಲವೇ, ಹಾಗೆ ಆ ಸೀಸೆಯಿಂದ ಶಿಷ್ಯರು ಇನ್ನೊಂದು ಊರಿನಲ್ಲಿ ತಮ್ಮದೇ ಶಾಲೆ ಕಟ್ಟಬೇಕು. ಹೆಪ್ಪು ಸಿಗದವರು ಬರಿಗೈಯಲ್ಲಿ ಹೋಗುತ್ತಿದ್ದರು.

ದಾಕ್ಷಾಯಣಿಗೆ ಆ ಹೆಪ್ಪು ಬೇಕಿತ್ತು. ಊಟಕ್ಕಿಂತ ಹೆಚ್ಚಾಗಿ ಬೇಕಿತ್ತು.

ಒಂದು ಬೆಳಿಗ್ಗೆ ಅವಳು ಸೀಸೆಯೊಂದನ್ನು ಹಿಡಿದು ಮೇಷ್ಟ್ರ ಮುಂದೆ ನಿಂತಳು.

"ಮೇಷ್ಟ್ರೇ, ಇವು ಇಂಟರ್‌ಫೆರಾನ್ ಹಾಕಿದರೂ ಸಾಯಲ್ಲ."

ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಇಂಟರ್‌ಫೆರಾನ್ ಅಂದ್ರೇನು? ಪುಸ್ತಕದಾಗಿರೋದು ಬ್ಯಾಡ. ನಿಮ್ಮಜ್ಜಿಗೆ ಹೇಳೋ ಹಂಗೆ ಹೇಳು."

"ಕೂಗು. ವೈರಸ್ಸು ಒಳಗೆ ನುಗ್ಗಿದಾಗ ಕೋಶ ತಾನು ಸಾಯೋಕೆ ಮೊದಲು ಕಳ್ಳ ಬಂದ ಅಂತ ಕೂಗ್ತೈತೆ. ಆ ಕೂಗೇ ಇಂಟರ್‌ಫೆರಾನ್."

"ಕೇಳಿಸ್ಕಂಡ ನೆರೆಹೊರೆಯೋರು ಏನ್ ಮಾಡ್ತಾರೆ?"

"ಕದ ಹಾಕ್ಕಂತಾರೆ. ಒಲೆ ಆರಿಸ್ತಾರೆ. ಕಳ್ಳ ಒಳಗೆ ಬಂದ್ರೂ ಅವನಿಗೆ ಏನೂ ಸಿಗಬಾರ್ದು ಅಂತ."

"ಕೂಗು ನಿಲ್ಲದೇ ಇದ್ರೆ?"

"ಕದ ತೆಗಿಯಂಗಿಲ್ಲ. ಒಲೆ ಹಚ್ಚಂಗಿಲ್ಲ. ಒಳಗೇ ಸೊರಗಿ ಸಾಯ್ತಾವೆ."

"ನಿನ್ನವು ಸಾಯ್ಲಿಲ್ಲ."

"ಇಲ್ಲ." ದಾಕ್ಷಾಯಣಿಯ ದನಿ ಏರಿತು. "ಮೊದಲು ಒಂಚೂರು ಹಾಕಿದೆ. ಬಹಳ ಸತ್ತವು. ಉಳಿದವನ್ನ ಬೆಳೆಸಿ ಇನ್ನಷ್ಟು ಹಾಕಿದೆ. ಹಿಂಗೇ ಏರಿಸ್ತಾ ಬಂದೆ. ಈಗ ಎಷ್ಟು ಸುರಿದ್ರೂ ಜಪ್ಪಯ್ಯ ಅನ್ನಲ್ಲ. ತಡ್ಕಳೋದನ್ನ ಕಲಿತಾವೆ ಮೇಷ್ಟ್ರೇ. ನಾನೇ ಕಲಿಸಿದೆ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು.

"ಸತ್ತವನ್ನು ಎಲ್ಲಿ ಚೆಲ್ಲಿದೆ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸೀಸೆಯಲ್ಲಿ ಬದುಕಿದ ಕೋಶ ತಳಕ್ಕೆ ಅಂಟಿಕೊಂಡಿರುತ್ತದೆ, ಸತ್ತದ್ದು ಮೇಲೆ ತೇಲುತ್ತದೆ. ಬೆಳಿಗ್ಗೆ ಹಳೆಯ ಪೋಷಕ ದ್ರವವನ್ನು ಬಗ್ಗಿಸಿ ಹೊಸದನ್ನು ಹಾಕುವಾಗ ತೇಲಿದ್ದೆಲ್ಲ ಅದರ ಜೊತೆಗೆ ಹೋಗುತ್ತದೆ. ಅಕ್ಕಿ ತೊಳೆದ ನೀರಿನಲ್ಲಿ ಏನು ಹೋಯಿತೆಂದು ಯಾರು ನೋಡುತ್ತಾರೆ?

"ಎಲ್ಲರೂ ಚೆಲ್ಲೋ ಕಡೆಗೇ. ಬ್ಲೀಚಿಂಗ್ ನೀರಿನ ಡಬ್ಬಕ್ಕೆ."

"ಫೇಲಾದೋರನ್ನ ದಿನಾ ಬೆಳಿಗ್ಗೆ ಹೊರಗೆ ಹಾಕಿ, ನಮ್ಮ ಶಾಲೇಲಿ ಎಲ್ಲರೂ ಕಲ್ತಾರೆ ಅಂತ ಬೋರ್ಡು ಬರೆಸ್ಕಂಡು ಬಂದಿದೀಯ."

ಬಾಗಿಲ ಬಳಿ ಗುಡಿಸುತ್ತಿದ್ದ ಇನ್ನಿಬ್ಬರು ಶಿಷ್ಯರು ನಕ್ಕರು. ದಾಕ್ಷಾಯಣಿ ನಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

"ಬದುಕಿರೋವು ಕಣ್ಣೆದುರಿಗೇ ಅದಾವಲ್ಲ ಮೇಷ್ಟ್ರೇ. ಇದಕ್ಕಿಂತ ಸಾಕ್ಷಿ ಬೇಕಾ?"

"ಬೇಕು. ಕೂಗಿಗೆ ಸಾಯಲ್ಲ ಅನ್ನೋದು ಗೊತ್ತಾಯ್ತು. ಈಗ ಕಳ್ಳನ್ನೇ ಕರಿ."

"ಕರಿತೀನಿ. ಕೂಗನ್ನೇ ತಡ್ಕಂಡವು ಕಳ್ಳನ್ನ ತಡ್ಕಳಲ್ವಾ? ಆಮೇಲೆ ಹೆಪ್ಪು ಕೊಡಬೇಕು."

"ಕೊಡ್ತೀನಿ."

ಅವಳು ಎರಡು ಸೀಸೆ ತೆಗೆದುಕೊಂಡಳು. ಒಂದರಲ್ಲಿ ಆಶ್ರಮದ ಮಾಮೂಲಿ ಕೋಶಗಳು. ಇನ್ನೊಂದರಲ್ಲಿ ತಾನು ಕಲಿಸಿದ ಕೋಶಗಳು. ಎರಡಕ್ಕೂ ಇಂಟರ್‌ಫೆರಾನ್ ಹಾಕಿದಳು. ಒಂದು ದಿನ ಬಿಟ್ಟು ಎರಡಕ್ಕೂ ವೈರಸ್ಸು ಹಾಕಿದಳು. ಬೆಚ್ಚಗಿನ ಪೆಟ್ಟಿಗೆಯೊಳಗಿಟ್ಟು ಬಾಗಿಲು ಮುಚ್ಚಿ, ಹೆಪ್ಪು ಸಿಕ್ಕ ಮೇಲೆ ಯಾವ ಊರಿಗೆ ಹೋಗಬೇಕೆಂದು ಯೋಚಿಸುತ್ತ ಕೂತಳು.

ಪೆಟ್ಟಿಗೆ ತೆಗೆದಾಗ ಮಾಮೂಲಿ ಕೋಶಗಳು ಬಡಕಲಾಗಿದ್ದವು, ಸುಕ್ಕಾಗಿದ್ದವು, ಆದರೂ ತಳ ಬಿಟ್ಟಿರಲಿಲ್ಲ. ಅವಳ ಕೋಶಗಳು ಪೂರಾ ತೇಲುತ್ತಿದ್ದವು. ಒಂದೂ ಉಳಿದಿರಲಿಲ್ಲ.

ದಾಕ್ಷಾಯಣಿ ಸೂಕ್ಷ್ಮದರ್ಶಕದ ಮುಂದೆ ತುಂಬ ಹೊತ್ತು ಕೂತಿದ್ದಳು. ಅವಳಿಗೆ ಅಳು ಬಂತು. ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಈ ಸಲ ಅವಳು ತೇಲಿದ್ದನ್ನು ಚೆಲ್ಲಲಿಲ್ಲ. ಗಾಜಿನ ಮೇಲೆ ಹರಡಿ ನೋಡಿದಳು. ಅದೇ ವಂಶದ ಬೇರೆ ಸೀಸೆಯಲ್ಲಿ ಇನ್ನೂ ಜೀವಂತವಾಗಿದ್ದವಕ್ಕೂ ಮಾಮೂಲಿ ಕೋಶಗಳಿಗೂ ಬಣ್ಣ ಹಾಕಿ ನೋಡಿದಳು. ಕೋಶದ ಮೈಮೇಲೆ ಆ ಕೂಗನ್ನು ಹಿಡಿಯುವ ಜಾಗಗಳಿರುತ್ತವೆ. ಬಣ್ಣ ಅಲ್ಲಿಗೇ ಹೋಗಿ ಅಂಟಿ ಮಿನುಗಬೇಕು. ಮಾಮೂಲಿ ಕೋಶಗಳು ಮಿನುಗಿದವು. ಅವಳವು ಕತ್ತಲಾಗಿಯೇ ಇದ್ದವು.

ಅವಳು ಎದ್ದು ಮೇಷ್ಟ್ರ ಕೋಣೆಗೆ ಹೋದಳು.

"ಇವು ಏನೂ ಕಲಿತಿರಲಿಲ್ಲ ಮೇಷ್ಟ್ರೇ. ಇವಕ್ಕೆ ಕಿವಿನೇ ಇರಲಿಲ್ಲ. ಕೂಗು ಕೇಳಿಸಲಿಲ್ಲ, ಕದ ಹಾಕಲಿಲ್ಲ, ಅದಕ್ಕೇ ಕೂಗಿಗೆ ಸಾಯಲಿಲ್ಲ. ಕಳ್ಳ ಬಂದಾಗ ಮನೆ ಬಾಗಿಲು ಹಾರುಹೊಡೆದಿತ್ತು."

"ಕಿವಿ ಇದ್ದವು ಏನಾದ್ವು?"

"ಅವು ಕೇಳಿಸ್ಕಂಡು ಕೇಳಿಸ್ಕಂಡೇ ಸತ್ತವು. ಅವನ್ನ ದಿನಾ ಬೆಳಿಗ್ಗೆ ನಾನೇ ಚೆಲ್ಲಿದೆ."

ಮೇಷ್ಟ್ರ ಮುಖ ಅರಳಿತು. ಆ ಮುಖ ಅರಳಿದ್ದನ್ನು ಕಂಡವರು ಆಶ್ರಮದಲ್ಲಿ ಕಡಿಮೆ. ಅವರು ಬೆಚ್ಚಗಿನ ಪೆಟ್ಟಿಗೆಯ ಬಳಿ ಹೋಗಿ, ತಮ್ಮ ಕೋಶಗಳ ಒಂದು ಸಣ್ಣ ಸೀಸೆ ತೆಗೆದು, ಮುಚ್ಚಳ ಬಿಗಿಮಾಡಿ ಅವಳ ಕೈಗಿಟ್ಟರು.

"ನೀನು ಹೇಳೋಕೆ ಬಂದಿದ್ದು ಸುಳ್ಳು. ಕಂಡಿದ್ದು ನಿಜ. ಕಿವುಡನ್ನ ಗಟ್ಟಿ ಅನ್ಕಂಡು ಮೋಸ ಹೋಗೋರು ಬಹಳ ಜನ ಅದಾರೆ. ತಗಾ, ಹೆಪ್ಪು."

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಶಿಷ್ಯೆ ಕಾಲಿಗೆ ಬೀಳಬೇಕು, ಗುರು ತಲೆ ಮುಟ್ಟಬೇಕು, ಕೇಳಿದವರು ಆಹಾ ಎನ್ನಬೇಕು.

ದಾಕ್ಷಾಯಣಿ ಸೀಸೆಯನ್ನು ಮೇಜಿನ ಮೇಲಿಟ್ಟಳು.

"ನಂಗೆ ಬ್ಯಾಡ."

"ಯಾಕೆ?"

"ನಾವು ಏಳು ಜನ ಬಂದಿದ್ವಿ ಮೇಷ್ಟ್ರೇ. ಈಗ ಮೂವರು ಇದೀವಿ. ಉಳಿದವರು ಬಿಟ್ಟು ಹೋದಾಗ ನೀವೇನಂದ್ರಿ?"

"ಜೊಳ್ಳು ಹಾರ್ತು, ಕಾಳು ಉಳೀತು ಅಂದೆ."

"ಹಾರಿದ್ದು ಜೊಳ್ಳು ಅಂತ ಯಾರು ನೋಡಿದ್ರು?"

ಬಾಗಿಲಾಚೆ ಪೊರಕೆಯ ಸದ್ದು ನಿಂತಿತು.

ಮೇಷ್ಟ್ರು ಉತ್ತರ ಕೊಡಲು ಬಾಯಿ ತೆರೆದರು. ಅವಳು ಬಿಡಲಿಲ್ಲ.

"ಸತ್ತವನ್ನ ಎಲ್ಲಿ ಚೆಲ್ಲಿದೆ ಅಂತ ನಂಗೆ ಕೇಳಿದ್ರಲ್ಲ. ಈ ಮನೆಯಾಗೆ ಆ ಪ್ರಶ್ನೆ ಮೊದಲು ಕೇಳಿದ್ದು ನೀವಲ್ಲ. ತಿಪ್ಪೇಶ."

ತಿಪ್ಪೇಶನನ್ನು ಆಶ್ರಮದಲ್ಲಿ ಯಾರೂ ಮರೆತಿರಲಿಲ್ಲ, ಹೆಸರನ್ನು ಮಾತ್ರ ಎತ್ತುತ್ತಿರಲಿಲ್ಲ. ಅವನು ಮೆತ್ತನೆಯ ಹುಡುಗ. ಒಂದು ಸೀಸೆ ಸತ್ತರೆ ಮಧ್ಯಾಹ್ನ ಊಟ ಬಿಡುತ್ತಿದ್ದ. ಬೇರೆಯವರು ತೇಲಿದ ಕೋಶಗಳನ್ನು ಚೆಲ್ಲುತ್ತಿದ್ದರೆ ಅವನು ಅವನ್ನು ಗಾಜಿನ ಮೇಲಿಟ್ಟು ನೋಡುತ್ತಿದ್ದ. ಮೇಷ್ಟ್ರು ಅವನಿಗೆ ಹೆಣ ಕಾಯುವವನು ಎಂದು ಹೆಸರಿಟ್ಟಿದ್ದರು.

"ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ತಿಪ್ಪೇಶ ನನ್ನ ಸೀಸೆ ನೋಡ್ತಿದ್ದ," ಎಂದಳು ದಾಕ್ಷಾಯಣಿ. "ಅವನ ಕಣ್ಣಾಗೆ ನೀರಿತ್ತು. 'ಮೇಷ್ಟ್ರೇ, ಇವು ಕಲಿತಾ ಇಲ್ಲ, ಇವು ಮೊದಲಿಂದ್ಲೇ...' ಅಂದ. ಅಷ್ಟರಾಗೆ ನೀವು ಏನಂದ್ರಿ, ನೆನಪೈತಾ?"

ಮೇಷ್ಟ್ರಿಗೆ ನೆನಪಿತ್ತು.

"ಕಣ್ಣೀರು ತುಂಬ್ಕಂಡು ನೋಡಿದ್ರೆ ಕಾಣೋದು ಬರೀ ನೀರು ಅಂದೆ."

"ಎಲ್ಲರೂ ನಕ್ವಿ. ನಾನೂ ನಕ್ಕೆ. ಅವನು ಮಾತು ಅರ್ಧಕ್ಕೇ ನುಂಗ್ಕಂಡು ಚೀಲ ತಗಂಡು ಹೋದ. ಇವು ಮೊದಲಿಂದ್ಲೇ ಕಿವುಡು. ಅಷ್ಟೇ ಅಲ್ವಾ ಉಳಿದ ಮಾತು? ಅವತ್ತು ಹೇಳಕ್ಕೆ ಬಿಟ್ಟಿದ್ರೆ ನಾನು ಇಷ್ಟು ದಿನ ಕಿವುಡರಿಗೆ ಪಾಠ ಮಾಡ್ತಿರಲಿಲ್ಲ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು.

"ಇನ್ನೊಂದು ಹೇಳ್ತೀನಿ. ಮೊದಲನೇ ವರ್ಷ ನೀವು ಬೈದ್ರೆ ನಾನೂ ಅಳ್ತಿದ್ದೆ. ಈಗ ನೀವು ಬೈಯುವಾಗ ಸಂಜೆ ಸಾರಿಗೆ ಬೇಳೆ ಹಾಕೋದಾ, ಹುರುಳಿಕಾಳು ಹಾಕೋದಾ ಅಂತ ಯೋಚ್ನೆ ಮಾಡ್ತಾ ನಿಂತಿರ್ತೀನಿ. ದಾಕ್ಷಾಯಣಿ ಗಟ್ಟಿಯಾದಳು ಅಂತ ನೀವು ಹೇಳಿದ್ರಿ. ನಾನೂ ಹಂಗೇ ಅನ್ಕಂಡೆ."

ಅವಳು ಬಾಗಿಲ ಕಡೆ ಕೈ ತೋರಿಸಿದಳು.

"ಕಳ್ಳನ್ನ ಕರಿ ಅಂತ ನೀವು ಹೋದ ವರ್ಷಾನೇ ಹೇಳಿದ್ರಂತೆ. ಇವರಿಬ್ರಿಗೂ ನೆನಪೈತೆ. ನಂಗೆ ಕೇಳಿಸೇ ಇಲ್ಲ. ನಿಮ್ಮ ಬೈಗುಳದ ಜೊತೆಗೆ ನಿಮ್ಮ ಮಾತೂ ಹೋಯ್ತು."

ಇಂಥ ಮಾತನ್ನು ಆ ಕೋಣೆಯ ಗೋಡೆಗಳು ಕೇಳಿರಲಿಲ್ಲ. ಹೊರಗಿದ್ದ ಇಬ್ಬರಲ್ಲಿ ಒಬ್ಬ ಪೊರಕೆಯನ್ನು ಗೋಡೆಗೆ ಒರಗಿಸಿ ಮೆಲ್ಲಗೆ ಅಂಗಳಕ್ಕೆ ಜಾರಿದ. ಗುರುವಿಗೆ ಸಿಟ್ಟು ಬಂದಾಗ ಹತ್ತಿರ ಇರಬಾರದೆಂಬುದು ಅವನು ಅಲ್ಲಿ ಕಲಿತ ಮೊದಲ ಪಾಠ.

ಮೇಷ್ಟ್ರ ದನಿ ಏರಲಿಲ್ಲ. ಅವರು ತಮ್ಮ ಎಡ ಹುಬ್ಬನ್ನು ಮುಟ್ಟಿಕೊಂಡರು. ಅಲ್ಲಿ ಹಳೆಯ ಗಾಯದ ಗುರುತಿತ್ತು.

"ಇದು ನಮ್ಮ ಗುರುಗಳು ಎಸೆದ ಸೀಸೆ. ರಕ್ತ ಒರೆಸ್ಕಂಡು ಮಾರನೇ ದಿನ ಮತ್ತೆ ಹೋದೆ. ನಾನು ಬಿಟ್ಟು ಹೋಗಲಿಲ್ಲ ದಾಕ್ಷಾಯಣಿ."

"ನಾನು ಕೇಳ್ತಿರೋದೂ ಅದನ್ನೇ. ನೀವು ಕಲಿತ್ರೋ, ಕಿವುಡಾದ್ರೋ?"

ಹೇಳಿದ ಮೇಲೆ ಅವಳು ನಿಂತಲ್ಲಿಂದ ಕದಲಲಿಲ್ಲ. ಹೊರಗೆ ಹಾಕುವುದಾದರೆ ಹಾಕಲಿ, ಬರಿಗೈಯಲ್ಲಿ ಹೋದವರ ಸಾಲಿಗೆ ತಾನೂ ಸೇರುತ್ತೇನೆ ಎಂದು ಗಟ್ಟಿಮಾಡಿಕೊಂಡಿದ್ದಳು.

ಮೇಷ್ಟ್ರು ಎದ್ದರು. ಮೇಜಿನ ಮೇಲಿದ್ದ ಸೀಸೆಯನ್ನು ತೆಗೆದುಕೊಂಡರು. ಅಂಗಿಯ ಒಳಜೇಬಿಗೆ, ಎದೆಗೆ ತಾಗುವ ಹಾಗೆ ಇಟ್ಟುಕೊಂಡರು. ಕೋಶಗಳನ್ನು ದೂರ ಒಯ್ಯುವಾಗ ಅವರು ಯಾವಾಗಲೂ ಹಾಗೇ ಮಾಡುತ್ತಿದ್ದರು. ಮನುಷ್ಯನ ಮೈಬಿಸಿಯೇ ಅವಕ್ಕೆ ಹಿತ.

ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊಳೆಯ ಕಡೆ ನಡೆದರು. ದಾಕ್ಷಾಯಣಿ ಹಿಂದೆ ಓಡಿದಳು.

"ಎಲ್ಲಿಗೆ ಮೇಷ್ಟ್ರೇ?"

"ಚೆಲ್ಲಿದ ಕಡೆಗೆ."

ದಡದಲ್ಲಿ ಹರಿಗೋಲು ಇತ್ತು. ಇಬ್ಬರೂ ಹತ್ತಿದರು. ಹರಿಗೋಲಿನವನು ಹುಟ್ಟು ಹಾಕುತ್ತ ಮೇಷ್ಟ್ರನ್ನೇ ನೋಡಿದ. ಅವರು ಒಂದು ಕೈಯಿಂದ ಎದೆಯನ್ನು ಒತ್ತಿಹಿಡಿದಿದ್ದರು.

"ಎದೆ ನೋವೇನ್ರಿ ಮೇಷ್ಟ್ರೇ?"

"ಇನ್ನೂ ಗೊತ್ತಿಲ್ಲಪ್ಪ."

ಆಚೆ ದಡದ ಊರಿನಲ್ಲಿ ಒಂದು ಹೈಸ್ಕೂಲು. ತಿಪ್ಪೇಶ ಅಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ. ಅವರು ಹೋದಾಗ ಪಾಠ ನಡೆಯುತ್ತಿತ್ತು.

ಒಬ್ಬ ಹುಡುಗಿ ಎದ್ದು ನಿಂತು ಉತ್ತರ ಹೇಳುತ್ತಿದ್ದಳು. ತಡವರಿಸುತ್ತಿದ್ದಳು. ಹೇಳುತ್ತಿದ್ದದ್ದು ತಪ್ಪು ಎಂಬುದು ಕಿಟಕಿಯಾಚೆ ನಿಂತವರಿಗೂ ಗೊತ್ತಾಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ತಿಪ್ಪೇಶ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದ. ಹುಡುಗಿಯ ಕಡೆ ತಿರುಗಿ ಕಾದ. ಅವಳು ನಿಂತು ನಿಂತು ಕೊನೆಯ ಪದದವರೆಗೂ ಹೇಳಿ ಮುಗಿಸಿದಳು.

"ಹಂಗೆ ಯಾಕೆ ಅನ್ನಿಸ್ತು?" ಎಂದು ಕೇಳಿದ ತಿಪ್ಪೇಶ.

ಮುರಿಗೆಪ್ಪ ಮೇಷ್ಟ್ರು ಬಿಸಿಲಿನಲ್ಲಿ ನಿಂತು ಕೇಳುತ್ತಿದ್ದರು. ಒಳಗೆ ಬಂದು ನೆರಳಿನಲ್ಲಿ ಕೂರಿ ಎಂದು ಜವಾನ ಕರೆದರೂ ಹೋಗಲಿಲ್ಲ. ದಾಕ್ಷಾಯಣಿ ಅವರ ಮುಖ ನೋಡಿದಳು. ಆ ಮುಖದಲ್ಲಿ ಅವಳು ನೋಡಬೇಕೆಂದು ಬಂದ ಸೋಲು ಇರಲಿಲ್ಲ. ಲೆಕ್ಕ ತಪ್ಪಿದೆಯೆಂದು ಗೊತ್ತಾದ ಹುಡುಗನ ಮುಖ ಹಾಗಿರುತ್ತದೆ.

ಗಂಟೆ ಹೊಡೆಯಿತು. ತಿಪ್ಪೇಶ ಹೊರಗೆ ಬಂದವನು ನಿಂತುಬಿಟ್ಟ. ದಾಕ್ಷಾಯಣಿಯನ್ನು ನೋಡಿದ. ಮೇಷ್ಟ್ರನ್ನು ನೋಡಿದ. ನಮಸ್ಕಾರ ಮಾಡಲಿಲ್ಲ.

"ಏನ್ ಬಂದ್ರಿ?"

ಮೇಷ್ಟ್ರು ಒಳಜೇಬಿನಿಂದ ಸೀಸೆ ತೆಗೆದು ಮುಂದೆ ಚಾಚಿದರು. ತಿಪ್ಪೇಶನಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ. ಅದಕ್ಕಾಗಿಯೇ ಒಂದು ಕಾಲದಲ್ಲಿ ಅವನೂ ಆ ಅಂಗಳ ಗುಡಿಸಿದ್ದ.

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಜೊಳ್ಳಿಗೆ ಯಾಕ್ರಿ ಹೆಪ್ಪು?"

ಚಾಚಿದ ಕೈ ಚಾಚಿದಂತೆಯೇ ಇತ್ತು.

"ಅವತ್ತು ನೀನು ಒಂದು ಮಾತು ಹೇಳ್ತಿದ್ದೆ," ಎಂದರು ಮೇಷ್ಟ್ರು. "'ಇವು ಮೊದಲಿಂದ್ಲೇ...' ಅಂದಿದ್ದೆ. ನಾನು ಕತ್ತರಿಸಿದೆ. ಉಳಿದ ಅರ್ಧ ಕೇಳೋಕೆ ಬಂದಿದೀನಿ."

ತಿಪ್ಪೇಶ ದಾಕ್ಷಾಯಣಿಯ ಕಡೆ ತಿರುಗಿದ.

"ಕಳ್ಳನ್ನ ಕರೆದ್ಯಾ?"

"ಕರೆದೆ."

"ಒಂದಾದ್ರೂ ಉಳೀತಾ?"

"ಇಲ್ಲ."

"ಹಂಗಾದ್ರೆ ಆ ಅರ್ಧ ನಿಮಗೆ ಗೊತ್ತಾಗೈತೆ ಮೇಷ್ಟ್ರೇ. ನಾನು ಹೇಳಬೇಕಾಗಿಲ್ಲ." ತಿಪ್ಪೇಶನ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ, ಮರೆಮಾಡಲೂ ಇಲ್ಲ. ಕಣ್ಣೀರು ತುಂಬಿಕೊಂಡೇ ಗುರುವಿನ ಮುಖವನ್ನು ನೆಟ್ಟಗೆ ನೋಡಿದ. "ನನ್ನತ್ರ ಈಗ ಉಳಿದಿರೋದು ಬೇರೆ ಮಾತು."

"ಯಾವುದು?"

"ಬೈಗುಳ. ಆ ಚೀಲ ಹೊತ್ಕಂಡು ಹೊಳೆ ದಾಟಿದ ದಿನದಿಂದ ಕೂಡಿಟ್ಕಂಡಿದೀನಿ. ಹೇಳಿದ್ರೆ ನಿಮ್ಮ ಕೈಲಿ ತಡ್ಕಳಕ್ಕಾಗಲ್ಲ. ಈ ವಯಸ್ಸಿನಾಗೆ ಬ್ಯಾಡ, ಹೋಗ್ರಿ."

ಮೇಷ್ಟ್ರು ಹೋಗಲಿಲ್ಲ. ಹೈಸ್ಕೂಲಿನ ಕೆಳಗಿನ ಮೆಟ್ಟಿಲ ಮೇಲೆ, ಮಕ್ಕಳು ಚಪ್ಪಲಿ ಬಿಡುವ ಜಾಗದಲ್ಲಿ ಕೂತರು. ಸೀಸೆ ಆರದ ಹಾಗೆ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಶಿಷ್ಯನ ಕಡೆ ಮುಖ ಎತ್ತಿದರು.

"ಬೈಯಪ್ಪ. ನೋವಾಯ್ತು ಅಂದ್ರೆ ನಂಗಿನ್ನೂ ಕಿವಿ ಐತೆ ಅಂತ ತಿಳಿತೀನಿ."